ಒಳ್ಳೆಯದಕ್ಕಾಗಿ ಮನಸ್ಸು ತಿರುಗಿಸುವುದು ಸರಿಯೇ?



ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಸಣ್ಣ ವಿಷಯಕ್ಕೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಕನ್ನಡ ಶಾಲೆಗೆ ಹಣ ಸಾಲುತ್ತಿಲ್ಲ. ಸದಸ್ಯತ್ವ ನವೀಕರಣದ ನಮೂನೆಯಲ್ಲಿ "ಕನ್ನಡ ಶಾಲೆಗೆ 25 ಡಾಲರ್" ಎಂಬ ಸಾಲಿನ ಮುಂದೆ ಒಂದು ಖಾಲಿ ಚೌಕವಿರುತ್ತದೆ. ಇಷ್ಟವಿದ್ದವರು ಅದರಲ್ಲಿ ರೈಟ್ ಮಾರ್ಕು ಹಾಕುತ್ತಾರೆ. ಅದರ ಬದಲು ಆ ಮಾರ್ಕನ್ನು ಮೊದಲೇ ಅಚ್ಚು ಹಾಕಿಸಿ, ಬೇಡವೆನ್ನುವವರು ಹೊಡೆದುಹಾಕಲಿ ಎಂದು ಬಿಟ್ಟರೆ ಹೇಗೆ? ಈ ಸಲಹೆ ಕೊಟ್ಟವರು ಬೇರೆ ಯಾರೂ ಅಲ್ಲ, ಈ ಲೇಖನ ಬರೆಯುತ್ತಿರುವ ನಾವೇ. "ಮನಃಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ, ಖಂಡಿತ ಹೆಚ್ಚು ಹಣ ಬರುತ್ತದೆ" ಎಂದು ಧೈರ್ಯವಾಗಿಯೇ ಹೇಳಿದೆವು. ಖಜಾಂಚಿಗಳ ಮುಖ ಅರಳಿತು. ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಮೂಲೆಯಲ್ಲಿ ಕುಳಿತಿದ್ದ ಹಿರಿಯ ಸದಸ್ಯೆಯೊಬ್ಬರು, "ಅಲ್ಲ ಡಾಕ್ಟ್ರೇ, ಕೇಳಿ ಈಸ್ಕೊಳ್ಳೋದಕ್ಕೂ ಜೇಬಿಗೆ ಕೈ ಹಾಕೋದಕ್ಕೂ ವ್ಯತ್ಯಾಸ ಇಲ್ವೇ?" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಕಾರು ಓಡಿಸುವಾಗ ಆ ಪ್ರಶ್ನೆ ಪಕ್ಕದ ಸೀಟಿನಲ್ಲೇ ಕುಳಿತಿತ್ತು. ಸಂಪಾದಕರು ಲೇಖನ ಕೇಳಿದಾಗ, ಸಕ್ಕರೆ ಕಾಯಿಲೆಯ ಬಗ್ಗೆ ಮತ್ತೊಮ್ಮೆ ಬರೆಯುವುದಕ್ಕಿಂತ ಇದನ್ನೇ ಬರೆಯೋಣ ಎನಿಸಿತು.

ಮನುಷ್ಯನ ಮನಸ್ಸು ಎಲ್ಲಿ ಜಾರುತ್ತದೆ, ಎಲ್ಲಿ ಸೋಮಾರಿಯಾಗುತ್ತದೆ, ಎಲ್ಲಿ ಹೆದರುತ್ತದೆ ಎಂಬುದನ್ನು ಈ ಐವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಬಹಳ ಶೋಧಿಸಿದ್ದಾರೆ. ಆ ಶೋಧನೆ ಪುಸ್ತಕದಲ್ಲೇ ಉಳಿದಿಲ್ಲ. ಸರ್ಕಾರಗಳು ಅದನ್ನು ಕಾನೂನಿಗೂ ನಮೂನೆಗಳಿಗೂ ತಂದಿವೆ, ಆಸ್ಪತ್ರೆಗಳು ಕಂಪ್ಯೂಟರಿಗೆ ತಂದಿವೆ. ಬ್ರಿಟನ್ನಿನ ಸರ್ಕಾರ 2010ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು. ಅಮೆರಿಕದಲ್ಲಿ 2015ರಲ್ಲಿ ಅಧ್ಯಕ್ಷ ಒಬಾಮಾ ಅವರು ಈ ಜ್ಞಾನವನ್ನು ಬಳಸಿಕೊಳ್ಳುವಂತೆ ಇಲಾಖೆಗಳಿಗೆ ಆದೇಶ ಹೊರಡಿಸಿದರು. ಮನಸ್ಸಿನ ದೌರ್ಬಲ್ಯ ಗೊತ್ತಿರುವವನು ಅದನ್ನು ಎದುರಿನವನ ಒಳ್ಳೆಯದಕ್ಕಾಗಿಯೇ ಬಳಸಿದರೂ ಅದು ಸರಿಯೇ? ನಮ್ಮ ಪ್ರಶ್ನೆ ಇಷ್ಟೇ.

ಮೊದಲು ನಮ್ಮ ವೃತ್ತಿಯಿಂದಲೇ ಶುರು ಮಾಡೋಣ. 1982ರಲ್ಲಿ ವೈದ್ಯರ ಪ್ರಸಿದ್ಧ ಪತ್ರಿಕೆಯಾದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬರೆದವರಲ್ಲಿ ಒಬ್ಬರು ಮನಃಶಾಸ್ತ್ರಜ್ಞ ಏಮಸ್ ಟ್ವರ್ಸ್ಕಿ. ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಬೇಕೋ ವಿಕಿರಣ ಚಿಕಿತ್ಸೆ ಬೇಕೋ ಎಂದು ಅವರು ಜನರನ್ನು ಕೇಳಿದರು. ಕೆಲವರಿಗೆ, "ಶಸ್ತ್ರಚಿಕಿತ್ಸೆಯಾದ 100 ಮಂದಿಯಲ್ಲಿ 90 ಮಂದಿ ಆ ಘಟ್ಟ ದಾಟಿ ಬದುಕುತ್ತಾರೆ" ಎಂದು ಹೇಳಿದರು. ಮತ್ತೆ ಕೆಲವರಿಗೆ, "100 ಮಂದಿಯಲ್ಲಿ 10 ಮಂದಿ ಸಾಯುತ್ತಾರೆ" ಎಂದರು. ಎರಡೂ ಒಂದೇ ಲೆಕ್ಕ, ಒಂದನೆಯ ಕ್ಲಾಸಿನ ಹುಡುಗನಿಗೂ ಗೊತ್ತು. ಆದರೆ ಬದುಕುವವರ ಲೆಕ್ಕ ಕೇಳಿದವರಲ್ಲಿ ನೂರಕ್ಕೆ 18 ಮಂದಿ ಮಾತ್ರ ವಿಕಿರಣ ಆರಿಸಿಕೊಂಡರೆ, ಸಾಯುವವರ ಲೆಕ್ಕ ಕೇಳಿದವರಲ್ಲಿ ನೂರಕ್ಕೆ 44 ಮಂದಿ ಅದನ್ನು ಆರಿಸಿಕೊಂಡರು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಹೀಗೆ ಜಾರಿದವರು ರೋಗಿಗಳು ಮಾತ್ರವಲ್ಲ. ಅನುಭವಿ ವೈದ್ಯರೂ ಅಷ್ಟೇ ಜಾರಿದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆದರೆ ಮಾತು ಬಲ್ಲ ವೈದ್ಯನಿಗೆ ಒಂದು ಹೊಣೆ ಅಂಟಿಕೊಂಡಿದೆ. ನಮ್ಮದೇ ಒಂದು ಅನುಭವ ಹೇಳುತ್ತೇವೆ, ಹೆಸರು ಊರು ಬೇಡ. ಮಗಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಇಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಅವರಿಗೆ ಸರ್ಜನ್ನರ ಅಮೆರಿಕನ್ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಪರಿಚಯದವರು ಎಂದು ನಾವು ಜೊತೆಗೆ ಹೋಗಿ ಕನ್ನಡದಲ್ಲಿ ಹೇಳುತ್ತಿದ್ದೆವು. ಸರ್ಜನ್ ಎರಡನ್ನೂ ಹೇಳಿದರು: ನೂರರಲ್ಲಿ 93 ಮಂದಿ ಪಾರಾಗುತ್ತಾರೆ, 7 ಮಂದಿ ಪಾರಾಗುವುದಿಲ್ಲ. ಮಗಳು ನಮ್ಮ ಕಡೆ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಅಪ್ಪ ಹೆದರಿ ಬೇಡವೆಂದುಬಿಟ್ಟರೆ ಎಂಬ ಭಯ ಅವಳದು. ನಾವು ಮೊದಲರ್ಧವನ್ನು ಕನ್ನಡಕ್ಕೆ ತಂದೆವು, ಎರಡನೆಯ ಅರ್ಧವನ್ನು ನುಂಗಿಕೊಂಡೆವು. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ದೇವರ ದಯೆ, ಎಲ್ಲ ಸುಸೂತ್ರವಾಗಿ ನಡೆಯಿತು. ಮೂರು ವಾರದ ಮೇಲೆ ನೋಡಲು ಹೋದಾಗ ಮೇಷ್ಟ್ರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಮಗಳು ಒಳಗೆ ಹೋದದ್ದನ್ನು ನೋಡಿ ಹೇಳಿದರು: "ಡಾಕ್ಟ್ರೇ, ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಪಾಠ ಹೇಳಿದವನು ನಾನು. ನೂರರಲ್ಲಿ ತೊಂಬತ್ತಮೂರು ಅಂದ್ರೆ ಉಳಿದ ಏಳು ಎಲ್ಲಿ ಹೋಯ್ತು ಅಂತ ನನಗೆ ಗೊತ್ತಾಗದೇ ಇರುತ್ತಾ? ಆದರೆ ನೀವು ಬಾಯಿಬಿಟ್ಟು ಹೇಳಲಿಲ್ಲ ನೋಡಿ, ಅದಕ್ಕೆ ನಾನೂ ಯಾರ ಹತ್ತಿರವೂ ಎತ್ತಲಿಲ್ಲ. ಹೇಳಿದ್ದಿದ್ರೆ ಆವತ್ತು ರಾತ್ರಿ ಊರಿಗೆ ಫೋನು ಮಾಡಿ ಇವಳ ಹತ್ತಿರ ನಾಲ್ಕು ಮಾತಾಡ್ತಿದ್ದೆ." ಇವಳು ಎಂದರೆ ಅವರ ಮನೆಯವರು. ನಮಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಮಾತು ಕೆಲಸ ಮಾಡಿತ್ತು, ಆರಿಸಿದ ದಾರಿಯೂ ಸರಿಯಾಗಿತ್ತು. ಆದರೂ ಅವರಿಗೆ ಸೇರಬೇಕಾದ ಒಂದು ರಾತ್ರಿಯನ್ನು ನಾವು ಕಿತ್ತುಕೊಂಡಿದ್ದೆವು. ಫಲ ಒಳ್ಳೆಯದಾದರೆ ಸಾಕು ಎನ್ನುವವರು ಲೆಕ್ಕದಿಂದ ಬಿಟ್ಟುಬಿಡುವುದು ಇಂಥವನ್ನೇ. ಅಂದಿನಿಂದ ಎರಡು ಸಂಖ್ಯೆಗಳನ್ನೂ ಒಟ್ಟಿಗೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಆ 1982ರ ಅಧ್ಯಯನದ ನಿಜವಾದ ಪಾಠವೂ ಇದೇ ಎಂದು ನಮ್ಮ ನಂಬಿಕೆ. ರೋಗಿಯನ್ನು ನಮ್ಮ ಕಡೆಗೆ ಎಳೆಯುವುದು ಹೇಗೆ ಎಂದಲ್ಲ, ನಮಗೆ ಗೊತ್ತಿಲ್ಲದೆಯೇ ಎಳೆಯುತ್ತಿದ್ದೇವೆ, ಎಚ್ಚರವಿರಲಿ ಎಂದು.

ಇದಕ್ಕೆ ಒಂದು ಬಲವಾದ ಆಕ್ಷೇಪಣೆ ಇದೆ, ಅದನ್ನೂ ಹೇಳಬೇಕು. ಯಾವ ಮಾತಾದರೂ ಒಂದು ಕಡೆಯಿಂದ ಶುರುವಾಗಲೇಬೇಕು. ಯಾವ ನಮೂನೆಗಾದರೂ ಒಂದು ರೂಪ ಇರಲೇಬೇಕು. ಖಾಲಿ ಚೌಕವೂ ಒಂದು ತಳ್ಳುವಿಕೆಯೇ. ಕೊಡದಿರುವ ಕಡೆಗೆ ತಳ್ಳುತ್ತದೆ. ಹಾಗಿರುವಾಗ ಒಳ್ಳೆಯ ಕಡೆಗೇ ತಳ್ಳಿದರೆ ತಪ್ಪೇನು? ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ಬರೆದ 'ನಡ್ಜ್' ಎಂಬ ಪುಸ್ತಕದ ವಾದ ಇದೇ. ಮೊಣಕೈಯಿಂದ ಮೆಲ್ಲಗೆ ತಿವಿದು ದಾರಿ ತೋರಿಸುವುದು, ಬಲವಂತ ಮಾತ್ರ ಇಲ್ಲ.

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಕೆಲಸಕ್ಕೆ ಹೋಗುವವರೆಲ್ಲರಿಗೂ 401(ಕೆ) ಉಳಿತಾಯ ಗೊತ್ತು. ಹಿಂದೆ ನಾವೇ ಅರ್ಜಿ ತುಂಬಿ ಸೇರಬೇಕಿತ್ತು, ಎಷ್ಟೋ ಜನ ಇವತ್ತು ನಾಳೆ ಎಂದು ಸೇರುತ್ತಲೇ ಇರಲಿಲ್ಲ. ಒಂದು ದೊಡ್ಡ ಕಂಪನಿಯಲ್ಲಿ, ಬೇಡವೆನ್ನದಿದ್ದರೆ ತಾನಾಗಿಯೇ ಸೇರಿಸುವ ಪದ್ಧತಿ ತಂದಾಗ ಸೇರಿದವರ ಪ್ರಮಾಣ ಬಹಳ ಏರಿತು ಎಂದು ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೇ 2001ರಲ್ಲಿ ತೋರಿಸಿದರು. 2006ರಲ್ಲಿ ಪಿಂಚಣಿ ಕಾನೂನೇ ಈ ಪದ್ಧತಿಗೆ ಉತ್ತೇಜನ ಕೊಟ್ಟಿತು. ಲಕ್ಷಾಂತರ ಮಂದಿಗೆ ಮುಪ್ಪಿನ ಆಸರೆಯಾಯಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಹೇಳುವವರು ಕಡಿಮೆ. ಸಂಬಳದ ನೂರಕ್ಕೆ 3 ಭಾಗ, ಅದೂ ಹೆಚ್ಚು ಬೆಳೆಯದ ಮನಿ ಮಾರ್ಕೆಟ್ ಖಾತೆಗೆ ಎಂದು ಕಂಪನಿ ಇಟ್ಟಿದ್ದ ಏರ್ಪಾಡಿನಲ್ಲೇ ಬಹಳ ಜನ ಕುಳಿತುಬಿಟ್ಟರು. ತಾವಾಗಿ ಆರಿಸಿದ್ದರೆ ಹೆಚ್ಚು ಉಳಿಸುತ್ತಿದ್ದವರೂ ಅಲ್ಲೇ ನಿಂತರು. ಯಾವ ಆಲಸ್ಯ ಅವರನ್ನು ಒಳಗೆ ತಂದಿತೋ ಅದೇ ಆಲಸ್ಯ ಅವರನ್ನು ಅಲ್ಲೇ ಕಟ್ಟಿಹಾಕಿತು. ಇನ್ನೊಬ್ಬರ ಪರವಾಗಿ ಆರಿಸುವವನು ಅರ್ಧ ಆರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಈಗ ಅಂಗದಾನದ ವಿಷಯ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಎಂಬ ಸಂಶೋಧಕರು ಜನರನ್ನು ಮೂರು ರೀತಿಯಲ್ಲಿ ಕೇಳಿದರು. "ನೀವು ದಾನಿಯಲ್ಲ, ಬೇಕಾದರೆ ಸೇರಿ" ಎಂದಾಗ ನೂರಕ್ಕೆ 42 ಮಂದಿ ದಾನಿಗಳಾದರು. "ನೀವು ದಾನಿ, ಬೇಡವಾದರೆ ಬಿಡಿ" ಎಂದಾಗ 82 ಮಂದಿ ದಾನಿಗಳಾಗಿ ಉಳಿದರು. ಎಲ್ಲರೂ ಉದಾಹರಿಸುವುದು ಈ ಎರಡು ಅಂಕಿಗಳನ್ನೇ. ಮೂರನೆಯ ಗುಂಪಿಗೆ ಮೊದಲೇ ಏನನ್ನೂ ಇಟ್ಟಿರಲಿಲ್ಲ. ಹೌದೋ ಅಲ್ಲವೋ ನೀವೇ ಹೇಳಿ ಎಂದು ನೇರವಾಗಿ ಕೇಳಿದರು. ಅಲ್ಲಿ 79 ಮಂದಿ ಹೌದು ಎಂದರು. ಈ ಮೂರನೆಯ ಅಂಕಿಯನ್ನು ನಾವು ವರ್ಷಗಟ್ಟಲೆ ಓದಿಯೂ ಗಮನಿಸಿರಲಿಲ್ಲ. ಜನ ಕೊಡಲು ಸಿದ್ಧರಿದ್ದರು. ಅವರನ್ನು ಯಾರೂ ಕೂಡಿಸಿಕೊಂಡು ಕೇಳಿರಲಿಲ್ಲ, ಅಷ್ಟೇ.

ಸ್ಪೇನ್ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಬೇಡವೆನ್ನದವರೆಲ್ಲ ದಾನಿಗಳೆಂಬ ಕಾನೂನು 1979ರಿಂದಲೂ ಇದೆ. ಆದರೆ ಅಂಗದಾನದಲ್ಲಿ ಆ ದೇಶ ಪ್ರಪಂಚಕ್ಕೇ ಮುಂದಾದದ್ದು 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆಗಳಲ್ಲಿ ತರಬೇತಾದ ವೈದ್ಯರನ್ನು ಇದಕ್ಕೆಂದೇ ನೇಮಿಸಿದ ಮೇಲೆ. ಕಾನೂನು ಏನೇ ಹೇಳಲಿ, ಅವರು ಪ್ರತಿ ಸಲವೂ ಮನೆಯವರ ಜೊತೆ ಕುಳಿತು ಮಾತಾಡುತ್ತಾರೆ, ಕೇಳುತ್ತಾರೆ.

ನಮ್ಮ ನಾಡಿನಲ್ಲೇ ನೋಡಿ. ಡಾ. ರಾಜ್‌ಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರಿನಲ್ಲಿ ಪುನೀತ್ ಹಠಾತ್ತನೆ ಹೋದಾಗ ಆ ದುಃಖದ ನಡುವೆಯೂ ಕುಟುಂಬ ಕಣ್ಣುಗಳನ್ನು ಕೊಟ್ಟಿತು, ನಾಲ್ಕು ಮಂದಿಗೆ ದೃಷ್ಟಿ ಬಂತು. ಆಮೇಲೆ ಕರ್ನಾಟಕದಾದ್ಯಂತ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಅದಕ್ಕೆ ಯಾವ ಕಾನೂನೂ ಬೇಕಾಗಲಿಲ್ಲ. ಅದೂ ಮನಸ್ಸಿನ ಮೇಲೆ ಆದ ಪ್ರಭಾವವೇ, ಮನಃಶಾಸ್ತ್ರಜ್ಞರು ಅದಕ್ಕೂ ಒಂದು ಹೆಸರಿಟ್ಟಿದ್ದಾರೆ. ಆದರೆ ಅಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ಇಷ್ಟು ಹೊತ್ತು ಸಂಶೋಧನೆ ಸರಿಯಾಗಿಯೇ ಇರುತ್ತದೆ ಎಂದುಕೊಂಡು ಬರೆದೆವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. 2015ರಲ್ಲಿ ನೂರು ಮನಃಶಾಸ್ತ್ರದ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು 36ರಲ್ಲಿ ಮಾತ್ರ ಮೊದಲಿನಂತೆ ನೆಚ್ಚಬಹುದಾದ ಫಲ ಬಂತು. ನಮೂನೆಯ ಕೊನೆಗೆ ಸಹಿ ಹಾಕಿಸುವ ಬದಲು ಮೊದಲೇ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದು 2012ರಲ್ಲಿ ಒಂದು ಪ್ರಬಂಧ ಬಂತು. ಸರ್ಕಾರಿ ನಮೂನೆಗಳಲ್ಲೂ ಅದನ್ನು ಪ್ರಯೋಗಿಸಿ ನೋಡಿದರು. 2021ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಅದರಲ್ಲಿನ ಒಂದು ಪ್ರಯೋಗದ ಅಂಕಿಗಳು ಸೃಷ್ಟಿಸಿದವು ಎಂದು ತಿಳಿದುಬಂದಿತ್ತು. ಪ್ರಾಮಾಣಿಕತೆಯ ಪ್ರಬಂಧಕ್ಕೇ ಈ ಗತಿ! ಅಮೆರಿಕದಲ್ಲಿ ಸರ್ಕಾರಗಳಿಗಾಗಿ ಮಾಡಿದ 126 ಪ್ರಯೋಗಗಳನ್ನು 2022ರಲ್ಲಿ ಇಬ್ಬರು ಸಂಶೋಧಕರು ಒಟ್ಟಿಗೆ ಲೆಕ್ಕ ಹಾಕಿದರು. ವಿದ್ವತ್ ಪತ್ರಿಕೆಗಳಲ್ಲಿ ನೂರಕ್ಕೆ 8.7ರಷ್ಟು ಕಾಣುತ್ತಿದ್ದ ಬದಲಾವಣೆ ಸರ್ಕಾರದ ಕೆಲಸದಲ್ಲಿ 1.4ರಷ್ಟೇ ಇತ್ತು. ಪೂರ್ತಿ ಸುಳ್ಳಲ್ಲ, ಆದರೆ ನಾವು ಸಮಿತಿಯಲ್ಲಿ "ಖಂಡಿತ" ಎಂದೆವಲ್ಲ, ಆ ಧೈರ್ಯಕ್ಕೆ ಆಧಾರ ಸಾಲದು.

ನಾವು ರೆಸಿಡೆನ್ಸಿ ಮಾಡುತ್ತಿದ್ದ 1990ರ ದಶಕದ ಕೊನೆಯಲ್ಲಿ ನೋವನ್ನು ಐದನೆಯ ಜೀವಲಕ್ಷಣವೆಂದು ಗಣಿಸಬೇಕು ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ನಾಡಿ, ಉಸಿರು, ಜ್ವರ, ರಕ್ತದೊತ್ತಡದ ಜೊತೆಗೆ "ನಿಮ್ಮ ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು?" ಎಂದು ಕೇಳಿ ಬರೆದುಕೊಳ್ಳಬೇಕು. ಇದರ ಹಿಂದೆ ಒಳ್ಳೆಯ ಸಂಶೋಧನೆಯೇ ಇತ್ತು. ವೈದ್ಯರು ಚಟದ ಭಯಕ್ಕೆ ಔಷಧ ಕಡಿಮೆ ಕೊಟ್ಟು ರೋಗಿಗಳನ್ನು ನರಳಿಸುತ್ತಾರೆ ಎಂದು 1973ರಲ್ಲೇ ಇಬ್ಬರು ಮನೋವೈದ್ಯರು ತೋರಿಸಿದ್ದರು. ಆದರೆ ಅದರ ಜೊತೆಗೆ ಇನ್ನೊಂದು ಮಾತೂ ತೇಲಿ ಬಂತು: ನೋವಿಗೆಂದು ಕೊಟ್ಟ ಒಪಿಯಾಯ್ಡ್ ಮಾತ್ರೆಗಳಿಂದ ಚಟ ಹತ್ತುವುದು ಬಹಳ ಅಪರೂಪ. ಆಧಾರವೇನು? ಬಹಳ ಕಡೆ ತೋರಿಸುತ್ತಿದ್ದದ್ದು 1980ರಲ್ಲಿ ಪ್ರಕಟವಾದ, ಒಂದೇ ಪ್ಯಾರಾದ, ಐದು ವಾಕ್ಯಗಳ ಒಂದು ಪತ್ರ. ಆಸ್ಪತ್ರೆಯಲ್ಲಿ ಇಂಥ ಔಷಧ ಪಡೆದ 11,882 ಮಂದಿಯಲ್ಲಿ ನಾಲ್ವರಿಗೆ ಮಾತ್ರ ಚಟ ಕಂಡಿತೆಂದು ಅದು ಹೇಳಿತ್ತು. ಅದು ಆಸ್ಪತ್ರೆಯಲ್ಲಿ ಮಲಗಿದ್ದವರ ಮಾತು. ಬಾಟಲಿ ಹಿಡಿದು ಮನೆಗೆ ಹೋಗಿ ತಿಂಗಳುಗಟ್ಟಲೆ ನುಂಗುವವರ ಮಾತಲ್ಲ. ಆ ಪತ್ರವನ್ನು 608 ಬರಹಗಳು ಉಲ್ಲೇಖಿಸಿದ್ದವೆಂದೂ, ನೂರಕ್ಕೆ 80ರಷ್ಟು ಬರಹಗಳು ಈ ಆಸ್ಪತ್ರೆಯ ಸಂಗತಿಯನ್ನೇ ಹೇಳಿರಲಿಲ್ಲವೆಂದೂ 2017ರಲ್ಲಿ ಎಣಿಸಿ ತೋರಿಸಿದರು.

ನಾವು ಆ ಪತ್ರವನ್ನು ಓದಿದ್ದೆವೇ? ಇಲ್ಲ. ಓದಿದವರ ಬಾಯಿಂದ ಕೇಳಿದ್ದೆವು, ಅವರೂ ಹಾಗೆಯೇ ಕೇಳಿದ್ದರು. ಚೀಟಿ ಬರೆದವು ನಮ್ಮ ಕೈಗಳೇ. ಒಬ್ಬ ಬೆನ್ನುನೋವಿನ ರೋಗಿ, ಮರಗೆಲಸದವನು, ನಮ್ಮಲ್ಲಿ ಮೂರು ವರ್ಷ ಬಂದ. ಪ್ರತಿ ಸಲವೂ ಏಳು ಎನ್ನುತ್ತಿದ್ದ, ಎಂಟು ಎನ್ನುತ್ತಿದ್ದ, ನಾವು ಸಂಖ್ಯೆ ನೋಡಿ ಬರೆದುಕೊಟ್ಟೆವು. ನಾಲ್ಕನೆಯ ವರ್ಷ ಅವನು ಬರಲಿಲ್ಲ, ಏನಾದನೆಂದು ನಾವು ವಿಚಾರಿಸಲೂ ಇಲ್ಲ. 2021ರಲ್ಲಿ ಈ ದೇಶದಲ್ಲಿ ಒಪಿಯಾಯ್ಡ್‌ಗಳಿಂದ ಸತ್ತವರು 80,000ಕ್ಕೂ ಹೆಚ್ಚು. ಆ ಹೊತ್ತಿಗೆ ಹೆಚ್ಚಿನವು ಕಳ್ಳದಾರಿಯ ಫೆಂಟನಿಲ್‌ನಿಂದಾದ ಸಾವುಗಳು, ನಿಜ. ಆದರೆ ಎಷ್ಟೋ ಜನ ಆ ಬಾಗಿಲಿಗೆ ಹೋದದ್ದು ನಮ್ಮಂಥವರ ಚೀಟಿ ಹಿಡಿದೇ.

ಇದನ್ನು ತಿದ್ದಲೂ ಮನಃಶಾಸ್ತ್ರವೇ ನೆರವಾಯಿತು ಎಂಬುದನ್ನೂ ಹೇಳಬೇಕು. 2018ರಲ್ಲಿ ಸ್ಯಾನ್ ಡಿಯಾಗೊ ಕೌಂಟಿಯ ಒಂದು ಪ್ರಯೋಗ ಪ್ರಕಟವಾಯಿತು. ಔಷಧದ ಅತಿಸೇವನೆಯಿಂದ ಸತ್ತ 170 ಮಂದಿಗೆ ಹಿಂದೆ ಮಾತ್ರೆ ಬರೆದುಕೊಟ್ಟಿದ್ದ 861 ಮಂದಿ ವೈದ್ಯಕೀಯ ವೃತ್ತಿಯವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೌಂಟಿಯ ಶವಪರೀಕ್ಷಾ ಅಧಿಕಾರಿಯಿಂದ ಒಂದು ಕಾಗದ ಹೋಯಿತು. ನೀವು ಔಷಧ ಬರೆದುಕೊಟ್ಟಿದ್ದ ಇಂಥವರು ತೀರಿಕೊಂಡಿದ್ದಾರೆ, ಎಚ್ಚರಿಕೆಯಿಂದ ಬರೆಯುವ ಕ್ರಮ ಹೀಗಿದೆ, ಎಂದು. ಬೆದರಿಕೆಯಿಲ್ಲ, ಬೈಗುಳವಿಲ್ಲ. ಮುಂದಿನ ಮೂರು ತಿಂಗಳಲ್ಲಿ ಕಾಗದ ಬಂದವರು ಬರೆದ ಒಪಿಯಾಯ್ಡ್ ಪ್ರಮಾಣ, ಬಾರದವರಿಗೆ ಹೋಲಿಸಿದರೆ, ನೂರಕ್ಕೆ 9.7ರಷ್ಟು ಇಳಿಯಿತು. ನಮಗೆ ಅಂಥ ಕಾಗದ ಬಂದಿಲ್ಲ. ಬಂದಿದ್ದರೆ ಆ ಮರಗೆಲಸದವನ ಹೆಸರಿರಬಹುದಿತ್ತೇ ಎಂದು ಆಗಾಗ ಅನಿಸುತ್ತದೆ.

ಆ ಕಾಗದವೂ ಮನಸ್ಸನ್ನು ತಿರುಗಿಸಿತು, ನಾವು ಮೇಷ್ಟ್ರಿಗೆ ಹೇಳಿದ ಅರ್ಧ ಮಾತೂ ತಿರುಗಿಸಿತು. ಕಾಗದ ವೈದ್ಯರಿಗೆ ತಿಳಿಯದಿದ್ದ ಸತ್ಯವನ್ನು ತಂದುಕೊಟ್ಟು ನಿರ್ಧಾರವನ್ನು ಅವರಿಗೇ ಬಿಟ್ಟಿತು. ನಾವು ತಿಳಿದ ಸತ್ಯವನ್ನು ತಡೆಹಿಡಿದು ನಿರ್ಧಾರವನ್ನು ನಾವೇ ಮಾಡಿದೆವು. ಆದ್ದರಿಂದ ಇಂಥ ಜ್ಞಾನವನ್ನು ಬಳಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಆ ಸಂಶೋಧನೆಯನ್ನು ನಾವೇ ಓದಿದ್ದೇವೆಯೇ, ಅದು ಈ ಜನಕ್ಕೆ ಅನ್ವಯಿಸುತ್ತದೆಯೇ? ನಾವು ಮಾಡುತ್ತಿರುವುದನ್ನು ಅವರ ಮುಂದೆಯೇ ಬಾಯಿಬಿಟ್ಟು ಹೇಳಬಲ್ಲೆವೇ? ಎಣಿಕೆ ತಪ್ಪಿದರೆ ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ?

ನಮ್ಮ ಸದಸ್ಯತ್ವದ ನಮೂನೆಗೆ ಬರೋಣ. ಅಚ್ಚು ಹಾಕಿದ ಮಾರ್ಕನ್ನು ಗಮನಿಸದೆ ಸಹಿ ಹಾಕುವವರು ಯಾರು? ಎಲ್ಲ ಅನುಕೂಲವಿರುವವರು ನೋಡಿ ಹೊಡೆದುಹಾಕಬಲ್ಲರು. ಹೊಸದಾಗಿ ಬಂದ ವಿದ್ಯಾರ್ಥಿಗಳು, ಕೆಲಸ ಹೋಗಿ ವೀಸಾದ ಚಿಂತೆಯಲ್ಲಿರುವವರು, ಮಗ ತೋರಿಸಿದ ಕಡೆ ಸಹಿ ಹಾಕುವ ಅಜ್ಜ ಅಜ್ಜಿಯರು, ಇವರೇ ಸಿಕ್ಕಿಬೀಳುವವರು. "ನಿಮ್ಮ ಆಲಸ್ಯವನ್ನು ನೆಚ್ಚಿಕೊಂಡು ಈ ಮಾರ್ಕು ಹಾಕಿದ್ದೇವೆ" ಎಂದು ನಮೂನೆಯ ಮೇಲೆ ಬರೆಯುವ ಧೈರ್ಯ ನಮಗಿದೆಯೇ? ಇಲ್ಲದಿದ್ದರೆ ಆ ಹಿರಿಯರು ಹೇಳಿದ್ದೇ ಸರಿ.

ಹಾಗೆಂದು ಹಳೆಯ ಖಾಲಿ ಚೌಕವೂ ಸಾಲದು, ಅದು ಕೇಳಿಯೂ ಕೇಳದಂತಿತ್ತು. ನಮ್ಮ ಸಲಹೆಯನ್ನು ಹಿಂತೆಗೆದುಕೊಂಡು ಸಮಿತಿಗೆ ಬೇರೊಂದನ್ನು ಕೊಟ್ಟೆವು, ಒಪ್ಪಿದರು. ಈ ಸಂಚಿಕೆಯ ಕೊನೆಯ ಪುಟದಲ್ಲಿ ನಮೂನೆಯಿದೆ. ಕನ್ನಡ ಶಾಲೆಯ ಖರ್ಚೆಷ್ಟು, ಕೊರತೆಯೆಷ್ಟು ಎಂದು ಎರಡು ಸಾಲು ಬರೆದಿದೆ. ಅದರ ಕೆಳಗೆ ಎರಡು ಖಾಲಿ ಚೌಕಗಳಿವೆ: "ಹೌದು" ಮತ್ತು "ಈ ವರ್ಷ ಬೇಡ". ದಯವಿಟ್ಟು ಎರಡರಲ್ಲಿ ಒಂದಕ್ಕೆ ಮಾರ್ಕು ಹಾಕಿ. ಯಾರು ಯಾವುದಕ್ಕೆ ಹಾಕಿದರು ಎಂಬುದನ್ನು ಖಜಾಂಚಿಗಳ ಹೊರತು ಬೇರೆ ಯಾರೂ ನೋಡುವುದಿಲ್ಲ. ಅಚ್ಚು ಹಾಕಿದ ಮಾರ್ಕಿನಿಂದ ಬರಬಹುದಾಗಿದ್ದಕ್ಕಿಂತ ನಾಲ್ಕು ಕಾಸು ಕಡಿಮೆ ಬಂದರೂ ಬರಲಿ, ಅದನ್ನು ಮುಂದಿನ ಸಂಚಿಕೆಯಲ್ಲಿ ಲೆಕ್ಕ ಸಮೇತ ತಿಳಿಸುತ್ತೇವೆ.

ಮೇಷ್ಟ್ರು ಊರಿಗೆ ಹೋಗಿ ಆರೋಗ್ಯವಾಗಿದ್ದಾರೆ. ಈ ಲೇಖನದ ಕರಡನ್ನು ಅವರಿಗೆ ಕಳಿಸಿ, ಪ್ರಕಟಿಸಬಹುದೇ ಎಂದು ಕೇಳಿದೆವು. "ಧಾರಾಳವಾಗಿ ಹಾಕಿ, ಆದರೆ ಅಂಕಿ ಸರಿಯಾಗಿ ಹಾಕಿ" ಎಂದರು. ಅವರು ಏಳು ಮಂದಿಯ ಲೆಕ್ಕವನ್ನು ಮನೆಯವರಿಗೆ ಈಗ ಹೇಳಿದ್ದಾರಂತೆ.

ನಿಮ್ಮ ಅಭಿಪ್ರಾಯವನ್ನು, ಅದರಲ್ಲೂ ನಮ್ಮ ಮಾತು ಒಪ್ಪದವರ ಅಭಿಪ್ರಾಯವನ್ನು, ಸಂಪಾದಕರಿಗೆ ಬರೆದು ತಿಳಿಸಿ.